ದತ್ತಿಯಿಟ್ಟವರೂ ಡೊನೇಶನ್ ಕೇಳುವವರೂ

ಕೆಲವು ಶಬ್ದಗಳಿಗೆ ಬಂದ ದುರ್ದೆಸೆ ಮನುಷ್ಯರಿಗೂ ಬರಬಾರದು. ‘ಡೊನೇಶನ್’ ಎಂಬ ಶಬ್ದವನ್ನೇ ನೋಡಿರಿ. ಅದರ ಅರ್ಥ ದಾನ. ಉಳ್ಳವರು ಇಲ್ಲದವರಿಗೆ ಸ್ವಸಂತೋಷದಿಂದ ಕೊಡುವುದು. ಆದರೆ ನಮ್ಮ ಸೀಮೆಯ ಯಾವ ಊರಿನ ಕಟ್ಟೆಯ ಮೇಲೆ ಕುಳಿತವರನ್ನು ಕೇಳಿದರೂ, ಡೊನೇಶನ್ ಎಂದರೆ ಮಗನನ್ನೋ ಮಗಳನ್ನೋ ಕಾಲೇಜಿಗೆ ಸೇರಿಸುವಾಗ ತಂದೆ ಹೊಲ ಒತ್ತೆಯಿಟ್ಟು ತಂದು ಸುರಿಯುವ ಹಣ ಎಂದೇ ಹೇಳುತ್ತಾರೆ. ಇಲ್ಲಿ ಕೊಡುವವನು ಇಲ್ಲದವನು, ಕೈಚಾಚುವುದು ಉಳ್ಳವರು. ರಸೀತಿ ಕೇಳುವ ಹಾಗಿಲ್ಲ. ಹೀಗೆ ದಾನವೆಂಬ ಮಾತು ತಲೆಕೆಳಗಾಗಿ ನಿಂತಿರುವಾಗ, ನಿಜವಾದ ದಾನದಿಂದ ವಿಶ್ವವಿದ್ಯಾನಿಲಯಗಳು ಕಟ್ಟಲ್ಪಟ್ಟವು, ಹಳ್ಳಿಯ ಹುಡುಗರು ಅಲ್ಲಿಯವರೆಗೆ ಹೋಗಿ ಓದಿದರು ಎಂದರೆ ನಮ್ಮ ವಿದ್ಯಾರ್ಥಿಗಳು ಪುರಾಣದ ಕಥೆ ಎಂದುಕೊಂಡಾರು. ಅದು ಪುರಾಣವಲ್ಲ. ನಮ್ಮ ಅಜ್ಜಂದಿರ ಕಾಲದ ಮಾತು. ಅದರಲ್ಲಿ ಒಂದಿಷ್ಟು ನಮ್ಮ ಬಗಲಲ್ಲೇ ನಡೆದದ್ದು.

ಬೆಂಗಳೂರಿಗೆ ಹೋದವರು ಅಲ್ಲಿಯ ಹಳಬರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂಬ ಹೆಸರನ್ನು ಕೇಳಿರಬಹುದು. ಅದರ ನಿಜವಾದ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಜಮಶೇಟಜಿ ಟಾಟಾ ಅವರು 1898ರ ಸುಮಾರಿಗೆ ಇಂಥ ಒಂದು ವಿದ್ಯಾಪೀಠಕ್ಕಾಗಿ ಮೂವತ್ತು ಲಕ್ಷ ರೂಪಾಯಿ ಬೆಲೆಯ ತಮ್ಮ ಆಸ್ತಿಯನ್ನು ತೆಗೆದಿಡುವುದಾಗಿ ಮುಂದೆ ಬಂದರು. ಬ್ರಿಟಿಷ್ ಸರಕಾರದ ಮೀನಮೇಷ ಮುಗಿಯುವುದರೊಳಗೆ, 1904ರಲ್ಲಿ, ಅವರು ತೀರಿಹೋದರು. ಆದರೂ ಕೊಟ್ಟ ಮಾತು ನಿಂತಿತು. ಮೈಸೂರಿನ ಅರಮನೆ 1907ರಲ್ಲಿ 371 ಎಕರೆ ಭೂಮಿಯನ್ನು ಕೊಟ್ಟಿತು. 1909ರಲ್ಲಿ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು. ಟಾಟಾ ಅವರು ಅದಕ್ಕೆ ತಮ್ಮ ಹೆಸರನ್ನು ಇಡಿಸಲಿಲ್ಲ. ಹೆಸರಿಟ್ಟವರು ಜನ. ಬಾಗಿಲ ಮೇಲೆ ಕಲ್ಲು ಕೆತ್ತಿಸಿದ ಎಷ್ಟೋ ದಾನಿಗಳ ಹೆಸರನ್ನು ಅದೇ ಜನ ಓದದೆ ಒಳಗೆ ಹೋಗುತ್ತಾರೆ ಎಂಬುದನ್ನೂ ಇಲ್ಲಿ ಹೇಳಿಬಿಡಬಹುದು.

ಇದು ದೊಡ್ಡ ಉದ್ಯಮಿಯ ಮಾತಾಯಿತು. ಬೆಳಗಾವಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯರು (1861-1906) ಇನ್ನೊಂದು ಬಗೆಯವರು. ಬಡ ಮನೆಯಲ್ಲಿ ಹುಟ್ಟಿ ದತ್ತಕಕ್ಕೆ ಹೋಗಿ ದೇಸಗತಿಯ ಒಡೆಯರಾದವರು. ಸಾಯುವ ಮುಂಚೆ ತಮ್ಮ ಆಸ್ತಿಯನ್ನು ಲಿಂಗಾಯತ ಸಮಾಜದ ಹುಡುಗರ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದಿಟ್ಟರು. ದತ್ತು ತಂದ ಮಗನೇ ಮುಂದೆ ಸಾವಿರ ಮನೆಗಳ ಮಕ್ಕಳನ್ನು ದತ್ತು ತೆಗೆದುಕೊಂಡಂತಾಯಿತು. ಆ ಆಸ್ತಿಯ ಉತ್ಪನ್ನದಿಂದ ವಿದ್ಯಾರ್ಥಿಗಳಿಗೆ ನೆರವು ಸಿಗುತ್ತ ಬಂದಿತು. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 1916ರ ನವೆಂಬರಿನಲ್ಲಿ, ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು. ಅವರ ಬಳಿ ದೇಸಗತಿ ಇರಲಿಲ್ಲ. ತಮ್ಮ ದುಡಿಮೆಯ ವರ್ಷಗಳನ್ನೇ ಕೊಟ್ಟರು. 1933ರಲ್ಲಿ ಆ ಸಂಸ್ಥೆ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರು ಬಂದಿತು. 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿಯವರ ಹೆಸರಿನಲ್ಲಿ ತೆರೆದ ಇಂಜಿನಿಯರಿಂಗ್ ಕಾಲೇಜು ಇಂದು ತಾನೇ ಒಂದು ವಿಶ್ವವಿದ್ಯಾನಿಲಯವಾಗಿದೆ.

ಇವೆಲ್ಲ ದೂರದ ಊರುಗಳ ಸಂಗತಿ, ನಮಗೇನು ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಗದ್ವಾಲ, ಆಲಂಪುರ ತಾಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದವು. ಬೆಳಗಾವಿ ಧಾರವಾಡಗಳಿದ್ದುದು ಮುಂಬಯಿ ಪ್ರಾಂತದಲ್ಲಿ, ನಾವಿದ್ದುದು ನಿಜಾಮರ ರಾಜ್ಯದಲ್ಲಿ. ನಮ್ಮವರಿಗೆ ಮೇಲಿನ ಓದು ಎಂದರೆ ಹೈದರಾಬಾದು. ಆದ್ದರಿಂದ ನಮ್ಮ ಕಥೆಯನ್ನು ಹೈದರಾಬಾದಿನಲ್ಲೇ ಹುಡುಕಬೇಕು.

1918ರಲ್ಲಿ ಅಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ನಿಜಾಮ ಸರಕಾರದ ಬೊಕ್ಕಸದ ಹಣ, ಉರ್ದು ಮಾಧ್ಯಮ, ಇಡೀ ದೇಶವೇ ತಿರುಗಿ ನೋಡಿದ ಪ್ರಯೋಗ. ಬಾಗಿಲೇನೋ ತೆರೆಯಿತು. ಆದರೆ ಆ ಬಾಗಿಲವರೆಗೆ ಒಬ್ಬ ಹಳ್ಳಿಯ ಹುಡುಗ ಹೋಗುವುದು ಹೇಗೆ? ನಗರದಲ್ಲಿ ಅವನಿಗೆ ಮನೆಯಿಲ್ಲ. ಎರಡು ಹೊತ್ತು ಊಟ ಹಾಕುವವರಿಲ್ಲ. ದೀಪಕ್ಕೆ ಎಣ್ಣೆ ಬೇಕು, ಓದಲು ಒಂದು ಮೂಲೆ ಬೇಕು, ಜ್ವರ ಬಂದರೆ ನೋಡುವವರು ಬೇಕು. ಪಾಠದ ಕೋಣೆಯನ್ನು ಸರಕಾರ ಕಟ್ಟಿಸಿತು. ಊಟದ ಮನೆಯನ್ನು ಕಟ್ಟಿಸುವುದು ಯಾರು?

ಅದೇ 1918ರಲ್ಲಿ ಹೈದರಾಬಾದಿನಲ್ಲಿ ರೆಡ್ಡಿ ಹಾಸ್ಟೆಲ್ ಆರಂಭವಾಯಿತು. ಅದನ್ನು ಎತ್ತಿ ನಿಲ್ಲಿಸಿದವರು ರಾಜಾ ಬಹಾದ್ದೂರ್ ವೆಂಕಟರಾಮ ರೆಡ್ಡಿಯವರು (1869-1953). ವನಪರ್ತಿ ಸಂಸ್ಥಾನದ ರಾಯಣಿಪೇಟೆಯವರು, ಎಂದರೆ ನಮಗೆ ಕೃಷ್ಣಾ ನದಿಯ ಆಚೆ ದಂಡೆಯ ನೆಂಟರು. ಪೋಲೀಸ್ ಇಲಾಖೆಗೆ ಸಣ್ಣ ಹುದ್ದೆಯಲ್ಲಿ ಸೇರಿ, 1920ರಲ್ಲಿ ಹೈದರಾಬಾದ್ ನಗರದ ಕೊತವಾಲರಾದರು. 1934ರವರೆಗೆ ಆ ಹುದ್ದೆಯಲ್ಲಿದ್ದರು. ಕೊತವಾಲರೆಂದರೆ ನಗರವೇ ನಡುಗುತ್ತಿದ್ದ ಕಾಲ. ಅಂಥವರು ಸಂಸ್ಥಾನಿಕರು, ದೇಶಮುಖರು, ಜಮೀನುದಾರರು ಎಲ್ಲರಿಂದ ಹಣ ಎತ್ತಿ ಹಳ್ಳಿಯ ಹುಡುಗರಿಗೆ ಊಟ ವಸತಿಯ ವ್ಯವಸ್ಥೆ ಮಾಡಿದರು. ಕೊತವಾಲರು ಕೇಳಿದಾಗ ಇಲ್ಲವೆನ್ನಲು ಎಷ್ಟು ಮಂದಿಗೆ ಧೈರ್ಯವಿದ್ದೀತು ಎಂದು ನಗುವವರು ನಗಲಿ. ಹಣ ಹೇಗೆ ಬಂದರೂ ಅದು ಹೋದದ್ದು ಹುಡುಗರ ತಟ್ಟೆಗೆ.

ಈ ಹಾಸ್ಟೆಲಿನ ಆಡಳಿತವನ್ನು ಅನೇಕ ವರ್ಷ ನೋಡಿಕೊಂಡವರು ನಮಗೆ ಇನ್ನೂ ಹತ್ತಿರದವರು. ಸುರವರಂ ಪ್ರತಾಪರೆಡ್ಡಿಯವರು 1896ರಲ್ಲಿ ಹುಟ್ಟಿದ್ದು ಆಲಂಪುರದ ಕಡೆಯ ಬೋರವೆಲ್ಲಿಯಲ್ಲಿ, ಎಂದರೆ ಈಗಿನ ನಮ್ಮ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲೇ. ಅವರು ಹಾಸ್ಟೆಲಿನ ಲೆಕ್ಕಪತ್ರ ನೋಡಿಕೊಂಡು ಕೂಡಲಿಲ್ಲ. ಅಲ್ಲಿಯ ಗ್ರಂಥಾಲಯವನ್ನು ಬೆಳೆಸಿದರು. 1926ರಲ್ಲಿ ಗೋಲಕೊಂಡ ಪತ್ರಿಕೆಯನ್ನು ಹೊರಡಿಸಿದರು. ತೆಲಂಗಾಣದಲ್ಲಿ ತೆಲುಗು ಕವಿಗಳೇ ಇಲ್ಲವೆಂದು ಯಾರೋ ಹಂಗಿಸಿದ್ದಕ್ಕೆ, 1934ರಲ್ಲಿ ಮುನ್ನೂರ ಐವತ್ತಕ್ಕೂ ಹೆಚ್ಚು ಕವಿಗಳ ಒಂದು ಸಂಚಿಕೆಯನ್ನೇ ಪ್ರಕಟಿಸಿ ಉತ್ತರ ಕೊಟ್ಟರು. 2025ರಲ್ಲಿ ಹೈದರಾಬಾದಿನ ತೆಲುಗು ವಿಶ್ವವಿದ್ಯಾನಿಲಯಕ್ಕೆ ಇವರ ಹೆಸರನ್ನು ಇಟ್ಟಿದ್ದಾರೆ. ಹಾಸ್ಟೆಲ್ ನಡೆಸಿದವರ ಹೆಸರು ವಿಶ್ವವಿದ್ಯಾನಿಲಯದ ಮೇಲೆ ಬಂದಿತು! ತೆಲುಗಿನವರಿಗೆ ಮಾತ್ರ ಇದು ಹೆಮ್ಮೆಯ ವಿಷಯವೇ? ತಮ್ಮ ನುಡಿಗೆ ರಾಜಾಶ್ರಯವಿಲ್ಲದ ನಾಡಿನಲ್ಲಿ ಆ ನುಡಿಗಾಗಿ ದುಡಿದ ಮನುಷ್ಯನ ಕಥೆ ಗಡಿಯ ಕನ್ನಡಿಗರಾದ ನಮಗೆ ತಿಳಿಯುವಷ್ಟು ಇನ್ನಾರಿಗೆ ತಿಳಿದೀತು!

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಹಾಸ್ಟೆಲಿಗೆ ಹಣ ಕೊಟ್ಟವರಲ್ಲಿ ದೇಶಮುಖರೂ ಜಮೀನುದಾರರೂ ಇದ್ದರಷ್ಟೆ. ಅಲ್ಲಿ ಉಂಡು ಓದಿದ ಹುಡುಗರಲ್ಲೊಬ್ಬರು ರಾವಿ ನಾರಾಯಣ ರೆಡ್ಡಿಯವರು. ಮುಂದೆ ಅವರು ಕಮ್ಯುನಿಸ್ಟ್ ನಾಯಕರಾಗಿ ದೇಶಮುಖರ ಜಮೀನುದಾರಿಕೆಯ ವಿರುದ್ಧವೇ ತೆಲಂಗಾಣದ ರೈತರನ್ನು ಸಂಘಟಿಸಿದರು. 1952ರ ಮೊದಲ ಚುನಾವಣೆಯಲ್ಲಿ ನೆಹರೂ ಅವರಿಗಿಂತ ಹೆಚ್ಚು ಮತ ಪಡೆದು ಲೋಕಸಭೆಗೆ ಹೋದರು. ಅನ್ನ ಹಾಕಿದವರ ಮನೆಗೇ ಎರಡು ಬಗೆದರು ಎಂದು ಕೆಲವರು ಆಗ ಗೊಣಗಿರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ವಿದ್ಯಾರ್ಥಿಗೆ ಊಟ ಕೊಟ್ಟವನು ಅವನ ಬುದ್ಧಿಯನ್ನು ಕೊಂಡುಕೊಂಡಿಲ್ಲ. ಓದಿದ ಮೇಲೆ ಹುಡುಗ ಯಾವ ಪಕ್ಷ ಸೇರುತ್ತಾನೆ, ಯಾರ ವಿರುದ್ಧ ಮಾತಾಡುತ್ತಾನೆ ಎಂದು ಮೊದಲೇ ಕರಾರು ಮಾಡಿಕೊಂಡು ಕೊಡುವುದಾದರೆ ಅದು ಸಂಬಳದ ಮುಂಗಡ.

ಆದರೆ ಹಳೆಯ ದಾನಗಳನ್ನು ಬರೀ ಹೊಗಳಿ ಕೂಡುವುದೂ ನ್ಯಾಯವಲ್ಲ. ಲಿಂಗರಾಜರ ಆಸ್ತಿ ಒಂದು ಸಮಾಜಕ್ಕೆ. ರೆಡ್ಡಿ ಹಾಸ್ಟೆಲಿನ ಹೆಸರಿನಲ್ಲೇ ಜಾತಿ. ಆ ಕಾಲದಲ್ಲಿ ಬೋರ್ಡಿಂಗುಗಳೆಲ್ಲ ಹೆಚ್ಚುಕಡಿಮೆ ಹಾಗೆಯೇ ಹುಟ್ಟಿದವು. ತಮ್ಮವರಲ್ಲಿ ಧನಿಕರಿದ್ದವರಿಗೆ ಹಾಸ್ಟೆಲಾಯಿತು. ಧನಿಕರೇ ಇಲ್ಲದ ಜಾತಿಯ ಹುಡುಗ ಎಲ್ಲಿಗೆ ಹೋಗಬೇಕಿತ್ತು? ಈ ಪ್ರಶ್ನೆಗೆ ಉತ್ತರ ನಮ್ಮೆಲ್ಲರಿಗೂ ಗೊತ್ತಿರುವ ಒಬ್ಬ ವಿದ್ಯಾರ್ಥಿಯ ಜೀವನದಲ್ಲಿದೆ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಭೀಮರಾವ್ ಅಂಬೇಡ್ಕರ್ ಎಂಬ ತರುಣನಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳಿಸಿದರು. ಅಲ್ಲಿಂದ ಲಂಡನ್ನಿಗೆ ಹೋದ ತರುಣ ಓದು ಮುಗಿಸುವ ಮುನ್ನವೇ ವೇತನದ ಅವಧಿ ತೀರಿತು. 1917ರಲ್ಲಿ ಅರ್ಧಕ್ಕೇ ಬಿಟ್ಟು ತಿರುಗಿ ಬರಬೇಕಾಯಿತು. ಮತ್ತೆ ಲಂಡನ್ ಕಾಣುವುದಕ್ಕೆ ಮೂರು ವರ್ಷ ಹಿಡಿಯಿತು. ಮುಂಬಯಿಯಲ್ಲಿ ಅಧ್ಯಾಪಕರಾಗಿ ಕೂಡಿಟ್ಟ ಹಣಕ್ಕೆ ಕೊಲ್ಲಾಪುರದ ಶಾಹೂ ಮಹಾರಾಜರ ನೆರವೂ ಸೇರಿದ ಮೇಲೆ 1920ರಲ್ಲಿ ಹೊರಟರು. ಅಷ್ಟು ದೊಡ್ಡ ಬುದ್ಧಿಶಕ್ತಿಗೇ ಹಣ ನಿಂತಾಗ ಓದು ನಿಂತಿತೆಂದರೆ, ನಮ್ಮ ನಿಮ್ಮಂಥವರ ಮಕ್ಕಳ ಗತಿಯೇನು? ಒಂದು ವರ್ಷಕ್ಕೆ ಕೊಟ್ಟು ಎರಡನೆಯ ವರ್ಷಕ್ಕೆ ಕೈಬಿಡುವ ಸಹಾಯಧನಗಳನ್ನು ಕಂಡಾಗಲೆಲ್ಲ ನನಗೆ ಆ 1917ನೆಯ ಇಸವಿ ನೆನಪಾಗುತ್ತದೆ.

ದಾನದ ಅರ್ಥ ತಲೆಕೆಳಗಾದದ್ದು ಯಾವಾಗ? ಖಾಸಗಿ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು ಕರ್ನಾಟಕದಲ್ಲಿ ಒಂದರ ಹಿಂದೊಂದು ತೆರೆದಾಗ. ಸರಕಾರದ ಅನುದಾನವಿಲ್ಲದೆ ಕಾಲೇಜು ಕಟ್ಟುವವರು ಹಣವನ್ನು ಎಲ್ಲಿಂದಲೋ ತರಲೇಬೇಕಲ್ಲ ಎಂಬ ಅವರ ವಾದದಲ್ಲಿ ತಕ್ಕಮಟ್ಟಿಗೆ ಹುರುಳಿತ್ತು. ಆದರೆ ಹಣ ತರುವ ಭಾರವನ್ನು ಶ್ರೀಮಂತರ ಮನೆ ಬಾಗಿಲಿಗೆ ಒಯ್ಯುವ ಬದಲು ಸೇರಲು ಬಂದ ವಿದ್ಯಾರ್ಥಿಯ ತಲೆಯ ಮೇಲೆಯೇ ಹೊರಿಸಿದರು. 1984ರಲ್ಲಿ ಕರ್ನಾಟಕ ಸರಕಾರ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸಿ ಕಾನೂನು ಮಾಡಿತು. ಕಾನೂನು ಬಂದರೂ ದಾರಿಗಳು ಉಳಿದಿದ್ದವು. ಕೆಲವು ವರ್ಷಗಳ ಮೇಲೆ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000 ಎಂದು ಸರಕಾರವೇ ದರ ಗೊತ್ತುಮಾಡಿತು. ಉತ್ತರಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದಳು. 1992ರಲ್ಲಿ ನ್ಯಾಯಾಲಯ ಇಂಥ ವಸೂಲಿ ನ್ಯಾಯಬಾಹಿರವೆಂದಿತು. ವಿದ್ಯೆ ಪಡೆಯುವುದು ಪ್ರಜೆಯ ಹಕ್ಕು ಎಂದಿತು. ಆಮೇಲೆಯೂ ತೀರ್ಪುಗಳ ಮೇಲೆ ತೀರ್ಪುಗಳು ಬಂದವು. ಕಟ್ಟೆಯ ಮೇಲಿನ ಮಾತಿನಲ್ಲಿ ಮಾತ್ರ ಡೊನೇಶನ್ ಎಂಬುದಕ್ಕೆ ಹಳೆಯ ಅರ್ಥ ತಿರುಗಿ ಬಂದಿಲ್ಲ.

ದೊಡ್ಡ ದಾನಿಗಳ ಕಾಲ ಮುಗಿಯಿತೆಂದೂ ಹೇಳುವಂತಿಲ್ಲ. 2022ರ ಫೆಬ್ರವರಿಯಲ್ಲಿ ಸುಸ್ಮಿತಾ ಮತ್ತು ಸುಬ್ರತೊ ಬಾಗ್ಚಿ, ರಾಧಾ ಮತ್ತು ಎನ್. ಎಸ್. ಪಾರ್ಥಸಾರಥಿ ದಂಪತಿಗಳು ಟಾಟಾ ಕಟ್ಟಿದ ಆ ವಿಜ್ಞಾನ ಸಂಸ್ಥೆಗೇ ಆಸ್ಪತ್ರೆ ಮತ್ತು ವೈದ್ಯಕೀಯ ಶಾಲೆಗೆಂದು 425 ಕೋಟಿ ರೂಪಾಯಿ ಕೊಡುವುದಾಗಿ ಘೋಷಿಸಿದರು. ಮರುವರ್ಷ ನಮ್ಮ ಕನ್ನಡಿಗರೇ ಆದ ನಂದನ್ ನಿಲೇಕಣಿಯವರು ತಾವು 1973ರಲ್ಲಿ ಸೇರಿದ ಮುಂಬಯಿಯ ಐ.ಐ.ಟಿ.ಗೆ 315 ಕೋಟಿ ಕೊಟ್ಟರು. ಇವರನ್ನು ಮೆಚ್ಚಲೇಬೇಕು. ಆದರೆ ಒಂದು ಮಾತನ್ನು ಗಮನಿಸಿರಿ. ಓದಿ ದೊಡ್ಡವರಾದವರು ತಾವು ಓದಿದ ಕಡೆಗೆ ಕೊಡುತ್ತಾರೆ. ಎಲ್ಲಿ ಓದಿದವರು ಶ್ರೀಮಂತರಾಗುತ್ತಾರೋ ಅಲ್ಲಿಗೆ ದಾನ ಹರಿಯುತ್ತದೆ. ಕೆರೆ ತುಂಬಿದಲ್ಲಿಗೇ ಮಳೆ ಬಂದಂತೆ. 2008ರಲ್ಲಿ ಮಹಬೂಬನಗರದಲ್ಲಿ ಹುಟ್ಟಿದ ಪಾಲಮೂರು ವಿಶ್ವವಿದ್ಯಾನಿಲಯದಂಥ ಎಳೆಯ ಸಂಸ್ಥೆಗೆ, ಅದಕ್ಕೆ ಸೇರಿದ ಗದ್ವಾಲ ಕೋಟೆಯೊಳಗಿನ ಮಹಾರಾಣಿ ಆದಿಲಕ್ಷ್ಮೀ ದೇವಮ್ಮ ಸರಕಾರಿ ಪದವಿ ಕಾಲೇಜಿಗೆ ಕೋಟಿಗಳನ್ನು ಕೊಡುವ ಹಳೆಯ ವಿದ್ಯಾರ್ಥಿಗಳು ಎಲ್ಲಿಂದ ಬರಬೇಕು? ವಿದ್ವಾಂಸರನ್ನು ಕರೆದು ಸನ್ಮಾನಿಸಿ ‘ವಿದ್ವದ್ಗದ್ವಾಲ’ವೆಂದು ಹೆಸರಾದ ಸಂಸ್ಥಾನದ ಕೋಟೆಯಲ್ಲಿ ಕಾಲೇಜು ನಡೆಯುತ್ತಿರುವುದು ಔಚಿತ್ಯವಾಗಿದೆ. ಆದರೆ ಕೋಟೆಯ ಗೋಡೆ ಹುಡುಗಿಗೆ ಬಸ್ಸಿನ ಚಾರ್ಜು ಕೊಡಲಾರದು.

ಕಂಪನಿಗಳ ಹಣದ ಕಥೆಯೂ ಇಂಥದ್ದೇ. 2013ರ ಕಂಪನಿ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಅದರಲ್ಲೂ ತಾವು ಕೆಲಸ ನಡೆಸುವ ಸ್ಥಳಕ್ಕೆ ಮೊದಲ ಆದ್ಯತೆ. ಹೊಗೆ ಕೊಳವೆಗಳಿರುವ ಊರಿಗೆ ಹಣ ಹೋಗುತ್ತದೆ, ನಮ್ಮಲ್ಲಿ ಕಾರ್ಖಾನೆಯೇ ಇಲ್ಲವಲ್ಲ ಎಂದು ಸುಮ್ಮನಿರುತ್ತೇವೆ. ಇದು ನಮ್ಮ ದಡ್ಡತನ. ಗದ್ವಾಲ, ಮಲ್ದಕಲ್, ಐಜ ಕಡೆಯ ಹೊಲಗಳಲ್ಲಿ ಬೆಳೆಯುವ ಸೀಡ್ ಹತ್ತಿಯ ಬೀಜ ದೇಶದ ನಾನಾ ರಾಜ್ಯಗಳಿಗೆ ಹೋಗುತ್ತದೆ. ಬೀಜದ ಕಂಪನಿಗಳಿಗೆ ನಮ್ಮ ಹೊಲವೇ ಕಾರ್ಖಾನೆ. ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸದ ದಿನಗಳಲ್ಲಿ ಶಾಲೆಯ ಬೆಂಚುಗಳು ಖಾಲಿಯಾಗುವುದನ್ನು ಪ್ರತಿ ಶಿಕ್ಷಕನೂ ಕಂಡಿದ್ದಾನೆ. ಆ ಬೆಂಚಿನ ಮೇಲೆ ಕೂಡಬೇಕಾದ ಮಕ್ಕಳ ಓದಿಗೆ ನಿಮ್ಮ ನೂರಕ್ಕೆ ಎರಡರಲ್ಲಿ ಒಂದು ಪಾಲು ಕೊಡಿರೆಂದು ಕೇಳುವ ಹಕ್ಕು ನಮಗೆ ಬೇರೆ ಯಾರಿಗಿಂತಲೂ ಹೆಚ್ಚಾಗಿದೆ. ನಾವು ಕೇಳಿಲ್ಲ.

ಈಗ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳ ವಿಷಯಕ್ಕೆ ಬರುತ್ತೇನೆ. ಹತ್ತನೆಯದು ಪಾಸಾದ ಮೇಲೆ ಅವರ ಮುಂದೆ ಎರಡು ದಾರಿ. ಗದ್ವಾಲ, ಮಹಬೂಬನಗರದ ಕಡೆ ಹೋದರೆ ಮಾಧ್ಯಮ ಬದಲಾಗುತ್ತದೆ. ಗದ್ವಾಲದಲ್ಲಿ ರೈಲು ಹತ್ತಿ ರಾಯಚೂರಿಗೆ ಹೋದರೆ ಭಾಷೆ ತನ್ನದು, ಅಲ್ಲಿ ಈಗ ವಿಶ್ವವಿದ್ಯಾನಿಲಯವೂ ಇದೆ. ಆದರೆ ರಾಜ್ಯ ಬದಲಾಗುತ್ತದೆ. ತೆಲಂಗಾಣದ ಶುಲ್ಕ ಮರುಪಾವತಿ ಯೋಜನೆ ಮುಖ್ಯವಾಗಿ ಈ ರಾಜ್ಯದ ಕಾಲೇಜುಗಳಿಗೆ. ಅತ್ತ ಸಂವಿಧಾನದ 371ನೆಯ ‘ಜೆ’ ಕಲಮಿನಿಂದ 2013ರಿಂದ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಸಿಗುತ್ತಿರುವ ಮೀಸಲಾತಿ ರಾಯಚೂರಿನ ಹುಡುಗನಿಗೆ ಉಂಟು, 1956ರವರೆಗೆ ಅದೇ ಜಿಲ್ಲೆಯಲ್ಲಿದ್ದ ಗದ್ವಾಲದ ಹುಡುಗನಿಗೆ ಇಲ್ಲ. ಗಡಿನಾಡ ಕನ್ನಡಿಗರಿಗೆಂದು ವೃತ್ತಿಶಿಕ್ಷಣದ ಪ್ರವೇಶದಲ್ಲಿ ಕರ್ನಾಟಕ ಒಂದು ಬಾಗಿಲನ್ನು ತೆರೆದಿದೆ ನಿಜ. ಒಳಗೆ ಹೋದ ಮೇಲೆ ಮೆಸ್ಸಿನ ಬಿಲ್ಲು ಕಟ್ಟುವವರು ಯಾರು ಎಂಬುದು ಅದೇ 1918ರ ಪ್ರಶ್ನೆ.

ಇದೆಲ್ಲ ಸರಕಾರ ಮಾಡಬೇಕಾದ ಕೆಲಸ, ದಾನದ ಮೇಲೆ ಏಕೆ ಹಾಕುತ್ತೀರಿ ಎಂದು ಕೆಲವು ಗೆಳೆಯರು ಆಕ್ಷೇಪಿಸುತ್ತಾರೆ. ಅವರ ಮಾತು ಬಹುಪಾಲು ಸರಿ. ಶಾಲೆ, ಕಾಲೇಜು, ಮಾಸ್ತರರ ಸಂಬಳ, ಸರಕಾರಿ ವಸತಿನಿಲಯ ಇವು ಸರಕಾರದ ಹೊಣೆ; ದಾನಿಗಳಿದ್ದಾರೆಂದು ಸರಕಾರ ಕೈ ತೊಳೆದುಕೊಳ್ಳಲು ಬಿಡಬಾರದು. ಆದರೆ ಸರಕಾರದ ಹಣಕ್ಕೆ ಕಾಯುವ ತಾಳ್ಮೆ ಬೇಕು. ಮರುಪಾವತಿಯ ಬಾಕಿ ಬಂದಿಲ್ಲವೆಂದು ತೆಲಂಗಾಣದ ಖಾಸಗಿ ಕಾಲೇಜುಗಳು 2025ರಲ್ಲಿ ಬಾಗಿಲು ಹಾಕಿ ಮುಷ್ಕರ ಹೂಡಿದ್ದನ್ನು ಕಂಡಿದ್ದೇವೆ. ಕಾಲೇಜು ಕಾಯಬಲ್ಲದು. ಮನೆ ಬಿಟ್ಟು ಬಂದ ಹುಡುಗಿ ಎಷ್ಟು ದಿನ ಕಾದಾಳು? ಒಂದು ಸೆಮಿಸ್ಟರಿನ ಶುಲ್ಕ ಕಟ್ಟಲಾಗದೆ ಊರಿಗೆ ಬಂದವಳಿಗೆ ಮದುವೆ ಗೊತ್ತಾಗುತ್ತದೆ, ಅಥವಾ ಹತ್ತಿಯ ಹೊಲ ಗೊತ್ತಾಗುತ್ತದೆ. ಸರಕಾರದ ಹಣ ಬರುವವರೆಗಿನ ಆ ನಾಲ್ಕು ತಿಂಗಳನ್ನು ದಾಟಿಸುವುದಕ್ಕೆ ಬೇಕಾದ ದೋಣಿ ದತ್ತಿ.

ದತ್ತಿಯೆಂದರೇನೆಂದು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಯೇ ಇಲ್ಲ. ತಿರುಪತಿಯಲ್ಲಿ 1985ರಿಂದ ನಡೆಯುತ್ತಿರುವ ನಿತ್ಯ ಅನ್ನದಾನದಲ್ಲಿ ಉಣ್ಣದವರು ನಮ್ಮಲ್ಲಿ ಕಡಿಮೆ. ಭಕ್ತರು ಕೊಟ್ಟ ಮೂಲಧನವನ್ನು ಬ್ಯಾಂಕಿನಲ್ಲಿಟ್ಟು ಅದರ ಬಡ್ಡಿಯಿಂದ ಊಟ ನಡೆಸುವ ಏರ್ಪಾಟು ಅದು. ಮೂಲಕ್ಕೆ ಕೈಹಾಕದೆ ಫಲವನ್ನಷ್ಟೇ ಖರ್ಚು ಮಾಡುವುದು. ಮರ ಕಡಿಯದೆ ಮಾವಿನಹಣ್ಣು ತಿಂದಂತೆ. ತಿರುಪತಿಯ ದೇವಸ್ಥಾನ ಅಷ್ಟಕ್ಕೇ ನಿಂತಿಲ್ಲ. 1945ರಲ್ಲಿ ಕಾಲೇಜು ತೆರೆಯಿತು. 1954ರಲ್ಲಿ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾನಿಲಯ ಎದ್ದದ್ದು ದೇವಸ್ಥಾನ ಕೊಟ್ಟ ಭೂಮಿಯ ಮೇಲೆ. ಕಲಬುರ್ಗಿಯಲ್ಲಿ ಶರಣಬಸವೇಶ್ವರರ ದಾಸೋಹ ಮುಂದೆ ವಿದ್ಯಾಸಂಸ್ಥೆಗಳಾಗಿ, 2017ರಲ್ಲಿ ವಿಶ್ವವಿದ್ಯಾನಿಲಯವಾಯಿತು. ಅಂದಮೇಲೆ ಮಲ್ದಕಲ್ ತಿಮ್ಮಪ್ಪನ ಜಾತ್ರೆಗೆ ಬರುವವರು, ಜಾತ್ರೆಗೆ ಪಟ್ಟಿ ಎತ್ತುವವರು, ಕಮಾನಿಗೂ ಮೈಕಿಗೂ ಸಾವಿರಗಟ್ಟಲೆ ಕೊಡುವವರು ವಿದ್ಯಾರ್ಥಿಗಳ ಹೆಸರಿನಲ್ಲಿ ಒಂದು ಪಟ್ಟಿ ಎತ್ತಿದರೆ ದೇವರು ಬೇಡವೆನ್ನುತ್ತಾನೆಯೇ?

ಲೆಕ್ಕ ಹಾಕಿ ನೋಡೋಣ. ಐದುನೂರು ಮನೆಗಳವರು ಒಮ್ಮೆ ಎರಡೆರಡು ಸಾವಿರ ಕೊಟ್ಟರೆ ಹತ್ತು ಲಕ್ಷವಾಯಿತು. ನೂರಕ್ಕೆ ಏಳರ ಬಡ್ಡಿಯೆಂದರೆ ವರ್ಷಕ್ಕೆ ಎಪ್ಪತ್ತು ಸಾವಿರ. ಪೂರ್ತಿ ಖರ್ಚು ಮಾಡಬಾರದು. ಬೆಲೆಗಳು ಏರುತ್ತವೆ, ಮೂಲಧನ ಅಲ್ಲೇ ನಿಂತಿರುತ್ತದೆ. ಎಷ್ಟೋ ವಿಶ್ವವಿದ್ಯಾನಿಲಯಗಳಲ್ಲಿ ಹಿಂದಿನವರು ಇಟ್ಟ ಚಿನ್ನದ ಪದಕದ ದತ್ತಿಗಳ ಬಡ್ಡಿ ಇಂದು ಚಿನ್ನದ ನೀರು ಹಾಯಿಸುವುದಕ್ಕಷ್ಟೇ ಸಾಕಾಗುತ್ತದೆ. ಆದ್ದರಿಂದ ಹದಿನಾಲ್ಕು ಸಾವಿರವನ್ನು ಮೂಲಕ್ಕೇ ಸೇರಿಸಿದರೆ ಐವತ್ತಾರು ಸಾವಿರ ಕೈಗೆ ಬಂತು. ಇದರಲ್ಲಿ ವಿಶ್ವವಿದ್ಯಾನಿಲಯದ ಕಟ್ಟಡ ಕಟ್ಟಲಾಗದು. ಒಬ್ಬ ವಿದ್ಯಾರ್ಥಿನಿಯ ಊಟ, ಕೋಣೆ, ಪರೀಕ್ಷೆಯ ಶುಲ್ಕ, ರೈಲು ಖರ್ಚು ನಡೆಯುತ್ತದೆ.

ಹಣಕ್ಕಿಂತ ಕಷ್ಟದ ಕೆಲಸ ಕಟ್ಟಳೆಯದು. ಯಾರ ಹಣವೆಂದು ವಿದ್ಯಾರ್ಥಿಗೆ ಗೊತ್ತಾಗುವ ಅಗತ್ಯವಿಲ್ಲ. ಯಾರಿಗೆ ಕೊಟ್ಟಿತೆಂದು ವೇದಿಕೆಯ ಮೇಲೆ ನಿಲ್ಲಿಸಿ ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಬೇಡುವ ಕೈಯ ಚಿತ್ರವನ್ನು ಗೋಡೆಗೆ ತೂಗುಹಾಕಿಸಿಕೊಳ್ಳಲು ಯಾವ ಮಗುವೂ ಓದುವುದಿಲ್ಲ. ಹೆಚ್ಚು ಅಂಕ ಬಂದವರಿಗೆ ಎಂದಷ್ಟೇ ಮಾಡಿದರೆ ಮನೆಯಲ್ಲಿ ಓದಲು ಜಾಗವಿದ್ದವರಿಗೇ ಹೋಗುತ್ತದೆ. ಅಂಕದ ಜೊತೆಗೆ ಮನೆಯ ಸ್ಥಿತಿಯನ್ನೂ ನೋಡಬೇಕು. ಜಾತಿಯ ಮಾತು ಬರಕೂಡದು. ಕೊಡುವವರ ಸಂಬಂಧಿಕರ ಮಾತೂ ಅಷ್ಟೇ. ಓದಿ ನೌಕರಿ ಹಿಡಿದವರು ತಿರುಗಿ ಕೊಟ್ಟರೆ ಮದುವೆಯ ಮುಯ್ಯಿಯಂತೆ ಸಂತೋಷದಿಂದ ತೆಗೆದುಕೊಳ್ಳಬೇಕು, ಕೊಡದವರನ್ನು ಹಂಗಿಸಬಾರದು. ಲೆಕ್ಕವನ್ನು ವರ್ಷಕ್ಕೊಮ್ಮೆ ಶಾಲೆಯ ವಾರ್ಷಿಕೋತ್ಸವದಲ್ಲಿ ಓದಿ ಹೇಳಬೇಕು, ಪೈಸೆಯ ಮಟ್ಟಿಗೆ. ಇನ್ನು, ಮೊದಲು ಆರಿಸಿದ ಹುಡುಗಿಗೆ ಪದವಿಯ ಅಷ್ಟೂ ವರ್ಷ ಪೂರ್ತಿ ಕೊಡುವಷ್ಟು ಹಣವನ್ನು ಬೇರೆ ತೆಗೆದಿಟ್ಟ ಮೇಲೆಯೇ ಎರಡನೆಯವರ ಅರ್ಜಿಯನ್ನು ಕೈಗೆತ್ತಿಕೊಳ್ಳಬೇಕು.